ಗೇರ್ ಬದಲಿಸುವಾಗ ಎಂಜಿನ್ ಸುತ್ತು: ಇಂದಿನ ಮ್ಯಾನುವಲ್ ಕಾರು ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಕಾರು ಕೊಟ್ಟು ಬಿಎಸ್ 6 (ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಮ) ಎಂಜಿನ್ನಿನ ಪೆಟ್ರೋಲ್ ಕಾರನ್ನು ಮನೆಗೆ ತಂದ ಮೊದಲ ವಾರ, ಕಲಬುರಗಿಯ ರಿಂಗ್ ರಸ್ತೆಯಲ್ಲಿ ಎರಡನೇ ಗೇರಿನಿಂದ ಮೂರನೆಯದಕ್ಕೆ ಹಾಕಿದಾಗಲೆಲ್ಲ ಗಾಡಿ ಮುಂದಕ್ಕೊಂದು ಸಣ್ಣ ಝಟಕಾ ಹೊಡೆಯುತ್ತಿತ್ತು. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿರುವ ನಾನು ಹಿಂದಿನ ಸೀಟಿನಿಂದ ‘ಕ್ಲಚ್ ಸಾವಕಾಶ ಬಿಡ್ರಿ’ ಎಂದು ಹೇಳಿಸಿಕೊಳ್ಳಬೇಕಾಯಿತು. ಕ್ಲಚ್ಚನ್ನು ಎಷ್ಟು ನಿಧಾನವಾಗಿ ಬಿಟ್ಟರೂ ಝಟಕಾ ತಪ್ಪಲಿಲ್ಲ. ಕೊನೆಗೆ ಕಾಲಿನ ಮೇಲಿನ ಗಮನ ಬಿಟ್ಟು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಮುಳ್ಳಿನ ಮೇಲೆ ಕಣ್ಣಿಟ್ಟಾಗ ವಿಷಯ ಗೊತ್ತಾಯಿತು: ರೇಸಿನಿಂದ ಕಾಲು ಪೂರ್ತಿ ತೆಗೆದು ಕ್ಲಚ್ ಒತ್ತಿದ ಮೇಲೂ ಮುಳ್ಳು ಒಂದು ಕ್ಷಣ ಇದ್ದಲ್ಲೇ ನಿಂತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯುತ್ತಿತ್ತು. ನಾನು ಕ್ಲಚ್ ಬಿಡುವ ಹೊತ್ತಿಗೆ ಎಂಜಿನ್ ಇನ್ನೂ ಹಳೆಯ ಗೇರಿನ ಸುತ್ತಿನಲ್ಲೇ ಇರುತ್ತಿತ್ತು. ತಪ್ಪು ಕಾಲಿನದಲ್ಲ, ಹೊತ್ತಿನದು.

ಈ ಬರಹ ಆ ಹೊತ್ತನ್ನು ಹಿಡಿಯುವುದು ಹೇಗೆ ಎಂಬುದರ ಬಗ್ಗೆ. ಅದಕ್ಕೆ ಮೊದಲು ಇಂದಿನ ಕಾರಿನ ಎಂಜಿನ್ ಯಾರ ಮಾತು ಕೇಳುತ್ತದೆ ಎಂಬುದು ತಿಳಿದಿರಬೇಕು.

ಪೆಡಲ್ ಈಗ ಕೇಳಿಕೊಳ್ಳುತ್ತದೆ, ಆಜ್ಞೆ ಮಾಡುವುದಿಲ್ಲ

ಹಳೆಯ ಕಾರಿನಲ್ಲಿ ಆಕ್ಸಿಲರೇಟರ್ ಪೆಡಲಿನಿಂದ, ಗಾಳಿ ಮತ್ತು ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ತನಕ ಒಂದು ಉಕ್ಕಿನ ಕೇಬಲ್ ಇರುತ್ತಿತ್ತು. ಕಾಲು ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತಿತ್ತು, ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಫಟ್ಟೆಂದು ಮುಚ್ಚುತ್ತಿತ್ತು. ಈಗಿನ ಕಾರಿನಲ್ಲಿ ಆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿರುವ ಸೆನ್ಸರುಗಳು ಕಾಲು ಎಷ್ಟು ಒತ್ತಿದೆ ಎಂಬುದನ್ನು ವಿದ್ಯುತ್ ಸಂಕೇತವಾಗಿ ಇಸಿಯು ಎಂಬ ಕಂಪ್ಯೂಟರಿಗೆ ತಿಳಿಸುತ್ತವೆ. ಇಸಿಯು ಯೋಚಿಸಿ, ಥ್ರಾಟಲ್ ಎಂಬ ಆ ಗಾಳಿ ಬಾಗಿಲನ್ನು ಹೊತ್ತ ಥ್ರಾಟಲ್ ಬಾಡಿಯಲ್ಲಿರುವ ಪುಟ್ಟ ಮೋಟರಿಗೆ ಬಾಗಿಲನ್ನು ಎಷ್ಟು ತೆರೆಯಬೇಕು, ಎಷ್ಟು ಬೇಗ ಮುಚ್ಚಬೇಕು ಎಂದು ಹೇಳುತ್ತದೆ. ಹಾಗೆ ಹೇಳುವಾಗ ಅದು ನಿಮ್ಮ ಕಾಲನ್ನಷ್ಟೇ ಕೇಳುವುದಿಲ್ಲ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎಷ್ಟು ಸುತ್ತುತ್ತಿದೆ, ಗಾಡಿಯ ವೇಗ ಎಷ್ಟು, ಕ್ಲಚ್ ಒತ್ತಿದೆಯೇ, ಎಂಜಿನ್ ಎಷ್ಟು ಬಿಸಿಯಾಗಿದೆ, ಎಸಿ ಕಂಪ್ರೆಸರ್ ನಡೆಯುತ್ತಿದೆಯೇ ಎಂಬುದೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಕಾಲು ತೆಗೆದರೂ ಇಸಿಯು ಬಾಗಿಲನ್ನು ತಡವಾಗಿ ಮುಚ್ಚುವುದಕ್ಕೆ ಮುಖ್ಯ ಕಾರಣ ಹೊಗೆಯ ನಿಯಮ. ಥ್ರಾಟಲ್ ಒಮ್ಮೆಲೇ ಮುಚ್ಚಿದರೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರಾಗಿ, ಅದರ ಒಳಗೋಡೆಗೆ ತೆಳ್ಳಗೆ ಅಂಟಿಕೊಂಡ ಪೆಟ್ರೋಲ್ ಆವಿಯಾಗಿ ಸಿಲಿಂಡರಿಗೆ ನುಗ್ಗುತ್ತದೆ. ಗಾಳಿ ಕಡಿಮೆ, ಇಂಧನ ಹೆಚ್ಚು ಎಂಬ ಸ್ಥಿತಿ ಬಂದು ಅರ್ಧ ಉರಿದ ಹೈಡ್ರೋಕಾರ್ಬನ್ ಹೊರಗೆ ಹೋಗುತ್ತದೆ. ಹಾಗಾದರೆ ಇಂಧನವನ್ನೇ ಪೂರ್ತಿ ನಿಲ್ಲಿಸಬಾರದೇ ಎಂದರೆ, ಆಗ ಬರಿ ಗಾಳಿ ಹೊಗೆ ಕೊಳವೆಗೆ ಹೋಗಿ, ಹೊಗೆಯ ವಿಷವನ್ನು ಒಡೆಯುವ ಕೆಟಲಿಟಿಕ್ ಕನ್ವರ್ಟರ್ ಆಮ್ಲಜನಕದಿಂದ ತುಂಬಿಹೋಗುತ್ತದೆ, ಎಂಜಿನ್ ಮತ್ತೆ ಉರಿಯಲು ಶುರುಮಾಡಿದ ಮೊದಲ ಕ್ಷಣಗಳಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಸರಿಯಾಗಿ ಒಡೆಯಲಾರದು. ಗೇರ್ ಬದಲಿಸುವ ಅರ್ಧ ಸೆಕೆಂಡಿಗಾಗಿ ಇಷ್ಟೆಲ್ಲ ಏರಿಳಿತ ಬೇಡವೆಂದು ಇಸಿಯು ಬಾಗಿಲನ್ನು ಮೆಲ್ಲಗೆ ಮುಚ್ಚುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ಜಾರಿಗೆ ಬಂದಿರುವುದರಿಂದ ಈ ನಡವಳಿಕೆ ಸಣ್ಣ ಕಾರುಗಳಲ್ಲೂ ಕಾಣುತ್ತದೆ. ಇದಕ್ಕೆ ರೆವ್ ಹ್ಯಾಂಗ್ ಎಂದು ಹೆಸರು. ಕೆಲವು ಕಾರ್ಬ್ಯುರೇಟರುಗಳಲ್ಲೂ ಬಾಗಿಲು ಫಟ್ಟೆಂದು ಮುಚ್ಚದಂತೆ ತಡೆಯುವ ಡ್ಯಾಶ್‌ಪಾಟ್ ಎಂಬ ಸಣ್ಣ ಸಾಧನ ಇರುತ್ತಿತ್ತು, ಆದ್ದರಿಂದ ಇದು ಪೂರಾ ಹೊಸ ಉಪಾಯವೇನೂ ಅಲ್ಲ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರ ಭಾರವಾಗಿದ್ದರೆ, ಟರ್ಬೊ ಎಂಜಿನ್ನಿನಲ್ಲಿ ಕೊಳವೆಯೊಳಗೆ ಒತ್ತಡದ ಗಾಳಿ ಉಳಿದಿದ್ದರೆ ಇಳಿಯುವಿಕೆ ಇನ್ನಷ್ಟು ನಿಧಾನವಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸುತ್ತನ್ನು ನಿರ್ಧರಿಸುವುದು ಗಾಳಿಯ ಬಾಗಿಲಲ್ಲ, ಸಿಂಪಡಿಸುವ ಇಂಧನದ ಪ್ರಮಾಣ. ಆದರೂ ಅಲ್ಲಿ ಕೂಡ ಆ ಪ್ರಮಾಣವನ್ನು ಇಳಿಸುವ ವೇಗ ಇಸಿಯು ಕೈಯಲ್ಲೇ ಇದೆ.

ಮೊದಲ ಹೆಜ್ಜೆ: ನಿಮ್ಮ ಕಾರಿನ ಲೆಕ್ಕ ಬರೆದುಕೊಳ್ಳಿ

ಗೇರ್ ಬದಲಿಸುವುದೆಂದರೆ ಎಂಜಿನ್ ಸುತ್ತು ಮತ್ತು ಚಕ್ರದ ಸುತ್ತಿನ ನಡುವಿನ ಅನುಪಾತವನ್ನು ಬದಲಿಸುವುದು. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ಸಣ್ಣ ಕಾರಿನ ಟೈರ್ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆಂದು ಹಿಡಿದರೆ ಚಕ್ರ ನಿಮಿಷಕ್ಕೆ ಹತ್ತಿರಹತ್ತಿರ 526 ಸಲ ಸುತ್ತಬೇಕು. ಗೇರ್ ಮತ್ತು ಚಕ್ರದ ನಡುವಿನ ಡಿಫರೆನ್ಷಿಯಲ್ ಅನುಪಾತ 4.1 ಎಂದುಕೊಳ್ಳಿ, ಎರಡನೇ ಗೇರ್ 1.9, ಮೂರು 1.3, ನಾಲ್ಕು 0.95. ಗುಣಿಸಿದರೆ ಅದೇ 60ರ ವೇಗದಲ್ಲಿ ಎಂಜಿನ್ ಎರಡನೇ ಗೇರಿನಲ್ಲಿ ಸುಮಾರು 4100, ಮೂರರಲ್ಲಿ 2800, ನಾಲ್ಕರಲ್ಲಿ 2050 ಸುತ್ತು ತಿರುಗುತ್ತದೆ.

ಈ ಮೂರು ಸಂಖ್ಯೆಗಳಲ್ಲೇ ಇಡೀ ವಿದ್ಯೆ ಅಡಗಿದೆ. ಮೂರರಿಂದ ನಾಲ್ಕಕ್ಕೆ ಏರಿಸುವಾಗ ಎಂಜಿನ್ 750 ಸುತ್ತು ಇಳಿಯಬೇಕು. ಮೂರರಿಂದ ಎರಡಕ್ಕೆ ಇಳಿಸುವಾಗ 1300 ಸುತ್ತು ಏರಬೇಕು. ಇಳಿಯುವ ಮೊದಲೇ ಕ್ಲಚ್ ಬಿಟ್ಟರೆ ಗಾಡಿ ಮುಂದಕ್ಕೆ ಜಿಗಿಯುತ್ತದೆ, ಏರಿಸದೆ ಬಿಟ್ಟರೆ ಮೂಗು ತಗ್ಗಿಸಿ ಹಿಂದಕ್ಕೆ ಎಳೆಯುತ್ತದೆ. ಎರಡೂ ಸಲ ವ್ಯತ್ಯಾಸವನ್ನು ಸರಿದೂಗಿಸುವುದು ಕ್ಲಚ್ ಪ್ಲೇಟು, ತನ್ನ ಮೈ ಸವೆಸಿಕೊಂಡು.

ನಿಮ್ಮ ಗಾಡಿಯ ಸಂಖ್ಯೆಗಳಿಗಾಗಿ ಲೆಕ್ಕ ಮಾಡುತ್ತ ಕೂರಬೇಕಿಲ್ಲ. ಬೆಳಗಿನ ಹೊತ್ತು ಖಾಲಿ ಇರುವ ನೇರ ರಸ್ತೆಯೊಂದರಲ್ಲಿ, ಕಲಬುರಗಿಯವರಿಗೆ ಸೇಡಂ ರಸ್ತೆಯೋ ಜೇವರ್ಗಿ ರಸ್ತೆಯೋ ಸಾಕು, 40ರ ವೇಗದಲ್ಲಿ ಸಮವಾಗಿ ಓಡಿಸುತ್ತ ಎರಡು, ಮೂರು, ನಾಲ್ಕನೇ ಗೇರುಗಳಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ. ವೇಗ ಒಂದೂವರೆ ಪಟ್ಟಾದರೆ ಸುತ್ತೂ ಒಂದೂವರೆ ಪಟ್ಟು. ಮುಳ್ಳಿಲ್ಲದ ಅಗ್ಗದ ಮಾದರಿಗಳಲ್ಲಿ ಕಿವಿಯೇ ಮೀಟರ್; ಕೆಲವು ದಿನದಲ್ಲಿ ಅದೂ ಪಳಗುತ್ತದೆ.

ಎರಡನೇ ಹೆಜ್ಜೆ: ಮುಳ್ಳು ಎಷ್ಟು ಹೊತ್ತು ನಿಲ್ಲುತ್ತದೆ, ಅಳೆಯಿರಿ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ಗೆ ತಂದು ಎಸಿ ಬಂದ್ ಮಾಡಿ. ಸುತ್ತನ್ನು 3000ಕ್ಕೆ ಏರಿಸಿ, ಎರಡು ಸೆಕೆಂಡ್ ಹಿಡಿದು, ಕಾಲನ್ನು ಒಮ್ಮೆಲೇ ತೆಗೆಯಿರಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಆಮೇಲೆ ನಿಧಾನಗತಿಯಲ್ಲಿ ನೋಡಬಹುದು. ನನ್ನ ಕಾರಿನಲ್ಲಿ ಮೊದಲ ಅರ್ಧ ಸೆಕೆಂಡು ಮುಳ್ಳು ಅಲುಗಲೇ ಇಲ್ಲ. 3000ದಿಂದ 2000ಕ್ಕೆ ಬರಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು.

ಇದನ್ನೇ ಎಸಿ ಹಾಕಿ ಇನ್ನೊಮ್ಮೆ ಮಾಡಿ. ಕಂಪ್ರೆಸರ್ ಎಂಜಿನ್ನಿಗೆ ಭಾರ, ಆದ್ದರಿಂದ ಮುಳ್ಳು ತುಸು ಬೇಗ ಇಳಿಯಬಹುದು. ಆದರೆ ಎಂಜಿನ್ ಬಂದ್ ಬೀಳದಿರಲೆಂದು ಇಸಿಯು ಐಡಲನ್ನು, ಅಂದರೆ ರೇಸ್ ಮುಟ್ಟದಿರುವಾಗಿನ ಸುತ್ತನ್ನು, ಮೇಲೆತ್ತುವುದರಿಂದ ಅದು ಕೊನೆಗೆ ನಿಲ್ಲುವ ಜಾಗ ಎತ್ತರದಲ್ಲಿರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟಿದಾಗ ಎಸಿ ಇಲ್ಲದೆ ಯಾರೂ ಓಡಿಸುವುದಿಲ್ಲವಾದ್ದರಿಂದ, ಬೇಸಿಗೆಯ ಗಾಡಿಯೂ ಚಳಿಗಾಲದ ಗಾಡಿಯೂ ಒಂದೇ ಥರ ನಡೆದುಕೊಳ್ಳುವುದಿಲ್ಲ ಎಂಬುದು ನೆನಪಿನಲ್ಲಿರಲಿ. ಡಿಸೆಂಬರಿನ ಬೀದರ್ ಬೆಳಗಿನಲ್ಲಿ ಎಂಜಿನ್ ಶುರುಮಾಡಿದ ಕೂಡಲೇ ಐಡಲ್ 1200ರ ಮೇಲೆ ನಿಲ್ಲುವುದು ಕನ್ವರ್ಟರನ್ನು ಬೇಗ ಕಾಯಿಸಲಿಕ್ಕೆ. ಆ ಮೊದಲ ಒಂದೆರಡು ನಿಮಿಷ ಗೇರ್ ಬದಲಾವಣೆ ಒರಟಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಗೇರ್ ಏರಿಸುವುದು

ಹಳೆಯ ಗಾಡಿಯಲ್ಲಿ ನಮ್ಮ ಕಾಲುಗಳು ಕಲಿತದ್ದು ರೇಸ್ ಬಿಡುವುದು ಮತ್ತು ಕ್ಲಚ್ ಒತ್ತುವುದನ್ನು ಒಟ್ಟಿಗೇ ಮಾಡುವುದು. ಹೊಸ ಗಾಡಿಯಲ್ಲಿ ಇವೆರಡರ ನಡುವೆ ಕೂದಲೆಳೆಯಷ್ಟು ಅಂತರ ಬೇಕು, ರೇಸ್ ಮೊದಲು, ಕ್ಲಚ್ ಆಮೇಲೆ. ಕ್ಲಚ್ ಇನ್ನೂ ಹಿಡಿದಿರುವಾಗಲೇ ರೇಸ್ ಬಿಟ್ಟರೆ ಇಸಿಯು ಥ್ರಾಟಲ್ ಮುಚ್ಚುವ ಕೆಲಸ ಆಗಲೇ ಶುರುವಾಗಿರುತ್ತದೆ, ಗಾಡಿಯ ಭಾರವೂ ಎಂಜಿನ್ನನ್ನು ಹಿಡಿದಿಟ್ಟಿರುತ್ತದೆ. ಇದಕ್ಕೆ ಬದಲಾಗಿ, ಬಾಗಿಲು ತೆರೆದಿರುವಾಗಲೇ ಕ್ಲಚ್ ಒತ್ತಿದರೆ ಭಾರ ಕಳಚಿದ ಎಂಜಿನ್ ಇನ್ನೂ 200–300 ಸುತ್ತು ಮೇಲಕ್ಕೆ ಹಾರುತ್ತದೆ, ಹಾರಿದ ಮೇಲೆ ಅಲ್ಲೇ ತೂಗಾಡುತ್ತದೆ. ಆದರೆ ಈ ಅಂತರ ಉದ್ದವಾಗಬಾರದು. ಒಂದು ಸೆಕೆಂಡು ಹೋದರೆ ಗಾಡಿ ಎಂಜಿನ್ ಬ್ರೇಕಿಗೆ, ಅಂದರೆ ರೇಸ್ ಬಿಟ್ಟ ಎಂಜಿನ್ನಿನ ಎಳೆತಕ್ಕೆ, ಸಿಕ್ಕು ತಲೆ ಬಾಗಿಸುತ್ತದೆ.

ಇನ್ನು ಲೀವರ್. ಮೂರರಿಂದ ನ್ಯೂಟ್ರಲ್, ನ್ಯೂಟ್ರಲ್‌ನಿಂದ ನಾಲ್ಕು ಎಂಬ ಎರಡು ಚಲನೆಗಳ ನಡುವೆ ಕೈ ಒಂದು ಕ್ಷಣ ತಡೆದರೆ ಸಾಕು, ಮುಳ್ಳು ಇಳಿಯಲು ಬೇಕಾದ ಸಮಯ ಅಲ್ಲೇ ಸಿಗುತ್ತದೆ. ಗೇರ್ ಬಿದ್ದ ಮೇಲೆ ಮುಳ್ಳು ನೀವು ಬರೆದುಕೊಂಡ ಸಂಖ್ಯೆಯ ಹತ್ತಿರ ಬರುತ್ತಿರುವಾಗಲೇ ಕ್ಲಚ್ಚನ್ನು ಹಿಡಿತದ ಜಾಗದ ತನಕ ಬೇಗ ಬಿಡಿ, ಅಲ್ಲಿ ಕ್ಷಣಾರ್ಧ ನಿಲ್ಲಿಸಿ, ಪೂರ್ತಿ ಬಿಟ್ಟ ಮೇಲೆ ರೇಸ್ ಕೊಡಿ. ಮುಳ್ಳಿನ ಇಳಿತ ಮತ್ತು ಕ್ಲಚ್ಚಿನ ಹಿಡಿತ ಒಂದೇ ಬಿಂದುವಿನಲ್ಲಿ ಸಂಧಿಸಿದಾಗ ಗಾಡಿಯಲ್ಲಿರುವವರಿಗೆ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ.

ಕಡಿಮೆ ಸುತ್ತಿನಲ್ಲೇ ಗೇರ್ ಏರಿಸಿದರೆ ಕೆಲಸ ಹಗುರ. 2800ರ ಬದಲು 2000ದಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಿದರೆ ಇಳಿಯಬೇಕಾದದ್ದು ಸುಮಾರು 540 ಸುತ್ತು ಮಾತ್ರ. ಒಂದರಿಂದ ಎರಡಕ್ಕೆ ಹಾಕುವಾಗ ಎಲ್ಲ ಗಾಡಿಗಳೂ ಹೆಚ್ಚು ಸತಾಯಿಸುವುದು ಆ ಎರಡು ಅನುಪಾತಗಳ ನಡುವಿನ ಕಂದಕ ದೊಡ್ಡದಾದ್ದರಿಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ನಾನು ಮೊದಲನೇ ಗೇರಿನಲ್ಲಿ ಗಾಡಿ ಅಲುಗಿದ ಕೂಡಲೇ, 1500 ದಾಟುವ ಮುನ್ನ ಎರಡಕ್ಕೆ ಹಾಕಿಬಿಡುತ್ತೇನೆ. ಅಲ್ಲಿ ರೇಸ್ ಮುಟ್ಟದೆಯೇ ಕ್ಲಚ್ ಮೆಲ್ಲಗೆ ಬಿಟ್ಟರೆ ಗಾಡಿ ತಾನೇ ತೆವಳುತ್ತದೆ, ಏಕೆಂದರೆ ಸುತ್ತು ಕುಸಿಯುತ್ತಿರುವುದನ್ನು ಕಂಡ ಇಸಿಯು ಎಂಜಿನ್ ಬಂದ್ ಬೀಳದಂತೆ ತಾನೇ ಗಾಳಿ, ಇಂಧನ ಹೆಚ್ಚಿಸುತ್ತದೆ.

ನಾಲ್ಕನೇ ಹೆಜ್ಜೆ: ಗೇರ್ ಇಳಿಸುವುದು

‘ಸಿಂಕ್ರೊನೈಸರ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ’ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಕೇಳುತ್ತಿರುತ್ತೇವೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಈ ಸಾಧನ ಗೇರ್‌ಬಾಕ್ಸಿನ ಒಳಗಿನ ಹಲ್ಲುಗಳ ವೇಗವನ್ನು ಮಾತ್ರ ಹೊಂದಿಸುತ್ತದೆ. ಕ್ಲಚ್ಚಿನ ಆಚೆ ಕಡೆ ಇರುವ ಎಂಜಿನ್ನಿನ ಸುತ್ತು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಳೆಯ ಅಂಬಾಸಿಡರಿನಲ್ಲಿ ಮೊದಲನೇ ಗೇರಿಗೆ ಸಿಂಕ್ರೊನೈಸರ್ ಇರಲಿಲ್ಲ, ಆದ್ದರಿಂದ ಓಡುವ ಗಾಡಿಯನ್ನು ಆ ಗೇರಿಗೆ ತರಲು ಡಬಲ್ ಕ್ಲಚ್ ಹೊಡೆಯಲೇಬೇಕಿತ್ತು, ಅಂದರೆ ನ್ಯೂಟ್ರಲ್ಲಿಗೆ ಒಮ್ಮೆ, ಗೇರಿಗೆ ಇನ್ನೊಮ್ಮೆ ಕ್ಲಚ್ ಒತ್ತಿ ನಡುವೆ ರೇಸ್ ಕೊಡಬೇಕಿತ್ತು. ಇಂದಿನ ಕಾರಿಗೆ ಡಬಲ್ ಕ್ಲಚ್ ಅನಗತ್ಯ. ನಡುವೆ ಒಂದು ರೇಸ್ ಕೊಡುವ ಆ ಹಳೆಯ ಲಾರಿ ಚಾಲಕರ ಅಭ್ಯಾಸ ಮಾತ್ರ ಇನ್ನೂ ಬೇಕು.

ಹುಮನಾಬಾದಿನ ಕಡೆಗೆ ಹೋಗುವಾಗ ಕಮಲಾಪುರದ ಆಚೆ ಏರು ಹತ್ತುತ್ತಿದ್ದೀರಿ, ಮುಂದೆ ಶಹಾಬಾದಿ ಪರಸಿ ಕಲ್ಲು ಹೇರಿದ ಲಾರಿ ತೆವಳುತ್ತಿದೆ, ನೀವು ನಾಲ್ಕನೇ ಗೇರಿನಲ್ಲಿ 60ಕ್ಕೆ ಇಳಿದಿದ್ದೀರಿ ಎಂದುಕೊಳ್ಳಿ. ಮುಳ್ಳು 2050ರಲ್ಲಿದೆ, ಎಳೆತ ಸಾಲದು. ಎದುರಿನ ರಸ್ತೆ ಖಾಲಿ ಎಂದು ಖಾತ್ರಿಯಾದ ಮೇಲೆ ಕ್ಲಚ್ ಪೂರ್ತಿ ಒತ್ತಿ. ಲೀವರ್ ನಾಲ್ಕರಿಂದ ಮೂರರತ್ತ ಹೊರಟಾಗಲೇ ಬಲಗಾಲಿನಿಂದ ರೇಸನ್ನು ಒಮ್ಮೆ ಚುರುಕಾಗಿ ತಟ್ಟಿ. ಮುಳ್ಳು 2800 ಮುಟ್ಟಬೇಕು, 3000ಕ್ಕೆ ಹೋದರೂ ಚಿಂತೆಯಿಲ್ಲ. ಇಲ್ಲಿ ರೆವ್ ಹ್ಯಾಂಗ್ ಶತ್ರುವಲ್ಲ, ಸ್ನೇಹಿತ: ಏರಿಸಿದ ಸುತ್ತು ತಟಕ್ಕನೆ ಬೀಳದೆ ಅಲ್ಲೇ ತೂಗಾಡುವುದರಿಂದ ಕ್ಲಚ್ ಬಿಡಲು ನಿಮಗೆ ಬಿಡುವು ಸಿಗುತ್ತದೆ. ಕ್ಲಚ್ ಬಿಟ್ಟು ರೇಸ್ ಕೊಟ್ಟರೆ ಗಾಡಿ ಝಟಕಾ ಇಲ್ಲದೆ ಎದ್ದು ನಿಲ್ಲುತ್ತದೆ.

ಪೆಡಲನ್ನು ತಟ್ಟುವಾಗ ಒಂದು ಸೂಕ್ಷ್ಮವಿದೆ. ಎಲೆಕ್ಟ್ರಾನಿಕ್ ಥ್ರಾಟಲ್ ತೆರೆಯುವಾಗಲೂ ಒಂದಿಷ್ಟು ತಡಮಾಡುತ್ತದೆ, ತೀರ ಸಣ್ಣ, ತೀರ ಚುಟುಕು ತಟ್ಟನ್ನು ಇಸಿಯು ಲೆಕ್ಕಕ್ಕೇ ಹಿಡಿಯದೆ ಹೋಗಬಹುದು. ಆದ್ದರಿಂದ ಕೇಬಲ್ ಗಾಡಿಯಲ್ಲಿ ಕೊಡುತ್ತಿದ್ದುದಕ್ಕಿಂತ ಸ್ವಲ್ಪ ಆಳವಾಗಿ ಒತ್ತಬೇಕು, ಸ್ವಲ್ಪ ಮುಂಚಿತವಾಗಿಯೂ ಒತ್ತಬೇಕು. ನಿಂತ ಗಾಡಿಯಲ್ಲಿ ನ್ಯೂಟ್ರಲ್ ಹಾಕಿ, 1500ರಿಂದ 2500ಕ್ಕೆ ಒಂದೇ ತಟ್ಟಿಗೆ ಮುಟ್ಟಿಸುವುದನ್ನು ಹತ್ತು ಸಲ ಮಾಡಿದರೆ ಪಾದಕ್ಕೆ ಅಳತೆ ಸಿಗುತ್ತದೆ. ಬ್ರೇಕ್ ಒತ್ತಿರುವಾಗಲೇ ಅದೇ ಪಾದದ ಅಂಚಿನಿಂದ ರೇಸ್ ತಟ್ಟುವ ಹೀಲ್ ಆ್ಯಂಡ್ ಟೋ ವಿದ್ಯೆಯನ್ನು ವಿಡಿಯೊಗಳಲ್ಲಿ ನೋಡಿ ಊರ ರಸ್ತೆಯಲ್ಲಿ ಪ್ರಯತ್ನಿಸುವ ಹುಡುಗರಿಗೆ ಒಂದು ಮಾತು: ಈಗಿನ ಅನೇಕ ಕಾರುಗಳಲ್ಲಿ ಬ್ರೇಕ್ ಮತ್ತು ರೇಸ್ ಒಟ್ಟಿಗೆ ಒತ್ತಿದರೆ ಇಸಿಯು ಬ್ರೇಕಿನ ಮಾತನ್ನೇ ಕೇಳಿ ರೇಸನ್ನು ತಳ್ಳಿಹಾಕುತ್ತದೆ. ರಸ್ತೆಯ ಮಧ್ಯೆ ಆ ಗೊಂದಲ ಬೇಡ.

ಹಳ್ಳಿಗೊಂದರಂತೆ ಬರುವ ಹಂಪುಗಳಿಗೆ ಇದಕ್ಕಿಂತ ಸರಳ ದಾರಿ ಇದೆ. ಇದ್ದ ಗೇರಿನಲ್ಲೇ ಬ್ರೇಕ್ ಹಾಕುತ್ತ ಬಂದು, ವೇಗ ಸಾಕಷ್ಟು ಇಳಿದ ಮೇಲೆ, ಹಂಪಿಗೆ ಸ್ವಲ್ಪ ಮೊದಲು ಒಮ್ಮೆಲೇ ಎರಡಕ್ಕೆ ಹಾಕಿ. 20ರ ವೇಗದಲ್ಲಿ ನಮ್ಮ ಉದಾಹರಣೆಯ ಗಾಡಿಗೆ ಎರಡನೇ ಗೇರಿನಲ್ಲಿ ಬೇಕಾದದ್ದು 1370 ಸುತ್ತು. ಕ್ಲಚ್ ಒತ್ತಿದಾಗ ಎಂಜಿನ್ ಐಡಲಿಗೆ ಬಂದರೂ ವ್ಯತ್ಯಾಸ ಕೆಲವೇ ನೂರು ಸುತ್ತು, ಕ್ಲಚ್ ಮೆಲ್ಲಗೆ ಬಿಟ್ಟರೆ ರೇಸ್ ತಟ್ಟುವ ಅಗತ್ಯವೇ ಬೀಳುವುದಿಲ್ಲ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಹಾಕುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗೇರಿನಲ್ಲಿದ್ದು ರೇಸ್ ಬಿಟ್ಟಾಗ ಇಂಜೆಕ್ಷನ್ ಎಂಜಿನ್ನಿನ ಇಸಿಯು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ, ಏಕೆಂದರೆ ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಹಾಕಿದರೆ ಐಡಲ್ ನಡೆಸಲು ಮತ್ತೆ ಇಂಧನ ಸುರಿಯಬೇಕಾಗುತ್ತದೆ. ಉಳಿತಾಯ ಗೇರಿನಲ್ಲೇ ಇದೆ, ಎಂಜಿನ್ ಬ್ರೇಕು ಪುಕ್ಕಟೆ.

ಕಾರೇ ಸುತ್ತು ಹೊಂದಿಸಿದರೆ

ಮೇಲೆ ಹೇಳಿದ ರೇಸ್ ತಟ್ಟುವ ಕೆಲಸವನ್ನು ತಾವೇ ಮಾಡುವ ಕಾರುಗಳೂ ಇವೆ. ಮ್ಯಾನುವಲ್ ಗೇರಿನ ಕಾರಿನಲ್ಲಿ ಇದನ್ನು ಮೊದಲು ತಂದದ್ದು ನಿಸ್ಸಾನ್, 2009ರ ಮಾದರಿಯ 370ಝಡ್‌ನಲ್ಲಿ. ಆಮೇಲೆ 2014ರ ಕಾರ್ವೆಟ್, 2017ರ ಹೋಂಡಾ ಸಿವಿಕ್ ಟೈಪ್ ಆರ್ ಮುಂತಾದವುಗಳಿಗೂ ಬಂತು. ಗೇರ್ ಲೀವರ್ ಯಾವ ಗೂಡಿನತ್ತ ಹೊರಟಿದೆ ಎಂಬುದನ್ನು ಸೆನ್ಸರ್ ತಿಳಿಸುತ್ತದೆ. ಕ್ಲಚ್ ಒತ್ತಿದೆ ಎಂಬುದು ಸ್ವಿಚ್‌ನಿಂದ, ಗಾಡಿಯ ವೇಗ ಇನ್ನೊಂದು ಸೆನ್ಸರಿನಿಂದ ಗೊತ್ತಾಗುತ್ತದೆ. ನಾವು ಮೊದಲ ಹೆಜ್ಜೆಯಲ್ಲಿ ಮಾಡಿದ ಗುಣಾಕಾರವನ್ನೇ ಇಸಿಯು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ, ಥ್ರಾಟಲನ್ನು ತಾನೇ ತೆರೆದು ಮುಳ್ಳನ್ನು ಆ ಸಂಖ್ಯೆಗೆ ತಂದು ನಿಲ್ಲಿಸುತ್ತದೆ.

ನಮ್ಮ ರಸ್ತೆಗಳಲ್ಲಿ ಇದು ಕಾಣಸಿಗುವುದು ಮ್ಯಾನುವಲ್ ಟೊಯೋಟಾ ಫಾರ್ಚೂನರಿನ ಐಎಂಟಿ (ಇಂಟೆಲಿಜೆಂಟ್ ಮ್ಯಾನುವಲ್ ಟ್ರಾನ್ಸ್ಮಿಷನ್) ವ್ಯವಸ್ಥೆಯಲ್ಲಿ. ಇಲ್ಲೊಂದು ಗೋಜಲಿದೆ. 2020ರಲ್ಲಿ ಹ್ಯುಂಡೈ ವೆನ್ಯೂ ಮತ್ತು ಕಿಯಾ ಸೋನೆಟ್ ಕಾರುಗಳಲ್ಲಿ ಬಂದದ್ದಕ್ಕೂ ಐಎಂಟಿ ಎಂದೇ ಹೆಸರು, ಆದರೆ ಅದು ಬೇರೆಯೇ ವಸ್ತು: ಅಲ್ಲಿ ಕ್ಲಚ್ ಪೆಡಲೇ ಇಲ್ಲ, ಲೀವರ್ ಮುಟ್ಟಿದ ಕೂಡಲೇ ಹೈಡ್ರಾಲಿಕ್ ಸಾಧನ ಕ್ಲಚ್ಚನ್ನು ಎಳೆಯುತ್ತದೆ, ಗೇರ್ ಮಾತ್ರ ನೀವು ಹಾಕಬೇಕು. ಟೊಯೋಟಾದ ಐಎಂಟಿಯಲ್ಲಿ ಪೆಡಲ್ ನಿಮ್ಮದೇ, ಸುತ್ತು ಮಾತ್ರ ಅದರದು. ಹಳೆಯ ಕಾರು ಕೊಳ್ಳುವಾಗ ಈ ಮೂರಕ್ಷರ ನೋಡಿ ಮೋಸ ಹೋಗಬೇಡಿ.

ಸುತ್ತು ಹೊಂದಿಸುವ ಕಾರು ಸಿಕ್ಕರೆ ನೀವು ಕಲಿಯಬೇಕಾದದ್ದು ಒಂದೇ, ಸುಮ್ಮನಿರುವುದು. ಕ್ಲಚ್ ಪೂರ್ತಿ ಒತ್ತಿ, ಲೀವರನ್ನು ಅನುಮಾನವಿಲ್ಲದೆ ಗೂಡಿಗೆ ತಳ್ಳಿ, ಸುತ್ತು ಏರಿದ ಸದ್ದು ಕೇಳಿದ ಮೇಲೆ ಕ್ಲಚ್ ಬಿಡಿ. ನಡುವೆ ನೀವೂ ರೇಸ್ ತಟ್ಟಿದರೆ ಎರಡೂ ಸೇರಿ ಮುಳ್ಳು ಎಲ್ಲೋ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಗಾಡಿ ಹೊಸದಾಗಿ ಕಲಿಯುವವರು ಮೊದಲ ಕೆಲವು ತಿಂಗಳು ಈ ಸೌಲಭ್ಯವನ್ನು ಬಂದ್ ಇಟ್ಟುಕೊಂಡೇ ಓಡಿಸುವುದು ಒಳ್ಳೆಯದು.

ಸ್ವಭಾವವೋ, ದೋಷವೋ?

ಮುಳ್ಳು ತಡವಾಗಿ ಇಳಿಯುವುದು ಸ್ವಭಾವ. ಇಳಿಯುತ್ತ ಬಂದು 1500ರಲ್ಲಿ ಸಿಕ್ಕಿಹಾಕಿಕೊಳ್ಳುವುದು, ಮೇಲೆ ಕೆಳಗೆ ಉಯ್ಯಾಲೆಯಾಡುವುದು, ಹಿಂದೆ ಇಲ್ಲದ್ದು ಇದ್ದಕ್ಕಿದ್ದಂತೆ ಶುರುವಾಗುವುದು ದೋಷ. ನಿಂತ ಗಾಡಿಯ ವಿಡಿಯೊ ಮಾಡಿಟ್ಟುಕೊಳ್ಳಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ವರ್ಷದ ಮೇಲೆ ಹೋಲಿಸಿ ನೋಡಬಹುದು. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರುವುದು, ಇನ್‌ಟೇಕ್ ಕೊಳವೆಯ ರಬ್ಬರ್ ಬಿರುಕು ಬಿಟ್ಟು ಗಾಳಿ ನುಗ್ಗುವುದು, ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಇಸಿಯು ತನ್ನ ಐಡಲ್ ಪಾಠ ಮರೆತಿರುವುದು ಸಾಮಾನ್ಯ ಕಾರಣಗಳು. ಕಡೆಯದು ಹಲವು ಗಾಡಿಗಳಲ್ಲಿ ಸ್ವಲ್ಪ ಓಡಿಸಿದ ಮೇಲೆ ತಾನೇ ಸರಿಹೋಗುತ್ತದೆ.

ನನ್ನ ಕಾರಿಗೆ ಎರಡನೇ ವರ್ಷ ಬಂದ ತೊಂದರೆ ಇವು ಯಾವುದೂ ಆಗಿರಲಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಸುತ್ತು 500ರಷ್ಟು ಮೇಲಕ್ಕೆ ಹಾರತೊಡಗಿತು. ತೋರಿಸಿದ ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸಬೇಕೆಂದು ಪಟ್ಟಿ ಬರೆದುಕೊಟ್ಟರು. ಕ್ಲಚ್ ಜಾರುತ್ತಿದ್ದರೆ ಗೇರಿನಲ್ಲಿ ಎಳೆಯುವಾಗ ಸುತ್ತು ಹಾರಬೇಕು, ಪೆಡಲ್ ಒತ್ತಿದಾಗಲ್ಲವಲ್ಲ ಎಂಬ ಒಂದು ಅನುಮಾನದಿಂದ ನಾನು ಗಾಡಿಯನ್ನು ವಾಪಸು ತಂದೆ. ಪರಿಚಯದ ಒಬ್ಬ ಮಿಸ್ತ್ರಿ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಕ್ಲಚ್ ಸ್ವಿಚ್ ಎಂಬ ಸಾಲು ತೆಗೆದು, ‘ಈಗ ಒತ್ರಿ’ ಎಂದ. ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಸಾಲು ಬದಲಾಗಲೇ ಇಲ್ಲ. ಪೆಡಲಿನ ತಲೆಯ ಹತ್ತಿರ, ಡ್ಯಾಶ್‌ಬೋರ್ಡಿನ ಕತ್ತಲಲ್ಲಿ ಕೂತಿದ್ದ ಬೆರಳುಗಾತ್ರದ ಸ್ವಿಚ್ಚಿನ ಬಾಯಿಗೆ ಕೆಂಪು ಧೂಳು ಮೆತ್ತಿತ್ತು. ನಾನು ಕ್ಲಚ್ ಒತ್ತಿರುವುದು ಇಸಿಯುಗೆ ಗೊತ್ತೇ ಆಗುತ್ತಿರಲಿಲ್ಲ, ಅದು ಗಾಡಿ ಇನ್ನೂ ಗೇರಿನಲ್ಲೇ ಇದೆ ಎಂದುಕೊಂಡು ಥ್ರಾಟಲನ್ನು ತನ್ನ ಪಾಡಿಗೆ ಮೆಲ್ಲಗೆ ಮುಚ್ಚುತ್ತಿತ್ತು. ಸ್ವಿಚ್ ಬದಲಿಸಲು ಹದಿನೈದು ನಿಮಿಷ ಹಿಡಿಯಿತು. ಇಂಥ ಲಕ್ಷಣ ಕಂಡರೆ ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮೊದಲು ಆ ಸಾಲನ್ನು ತೋರಿಸುವಂತೆ ಕೇಳಿ; ಸ್ಕ್ಯಾನರ್ ಇಲ್ಲದವರು ಮೊಣಕಾಲೂರಿ, ಟಾರ್ಚ್ ಹಿಡಿದು, ಪೆಡಲ್ ಮೇಲೆದ್ದಾಗ ಸ್ವಿಚ್ಚಿನ ಕಡ್ಡಿ ಪೂರ್ತಿ ಒಳಗೆ ಹೋಗುತ್ತಿದೆಯೇ, ಒತ್ತಿದಾಗ ಹೊರಗೆ ಬರುತ್ತಿದೆಯೇ ಎಂದು ನೋಡಿದರೂ ಅರ್ಧ ಉತ್ತರ ಸಿಗುತ್ತದೆ.